ಹೊಳೆ ಹೊರಗೆ ಕುಳಿತ ಎಂಟು ದಿನ

೧೯೯೭ರ ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ನಮ್ಮೂರ ಹೊಳೆಯ ನೀರು ಕೆಂಪಾಯಿತು. ಮಳೆ ಬಂದಿರಲಿಲ್ಲ. ಆಕಾಶದಲ್ಲಿ ಮೋಡವೂ ಇರಲಿಲ್ಲ. ಹನ್ನೊಂದು ಗಂಟೆಗೆ ನಮ್ಮ ಅಜ್ಜಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ದಂಡೆಯ ಮೇಲೆ ನಿಂತು ನೋಡಿ, ಹೊಳೆ ಹೊರಗಾಗಿದ್ದಾಳೆ ಎಂದು ಸಾರಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಊರಿನ ಒಂದು ಕೊಡವೂ ಆ ನೀರನ್ನು ಮುಟ್ಟುತ್ತಿರಲಿಲ್ಲ. ಎಂಟು ದಿನ ಅವಳು ಹಾಗೆಯೇ ಹೊರಗೆ ಕುಳಿತಳು. ಆಗ ನನಗೆ ಹನ್ನೊಂದು ವರ್ಷ.

ನಮ್ಮ ಊರು ಹಳಿಯಾಳ ತಾಲೂಕಿನ ಅಂಚಿನಲ್ಲಿ, ದಾಂಡೇಲಿಗೆ ಹೋಗುವ ಬಸ್ಸು ಕೈ ಮಾಡಿದರೆ ಮಾತ್ರ ನಿಲ್ಲುವ ಜಾಗದಲ್ಲಿತ್ತು. ಹೊಳೆ ಕಾಡಿನೊಳಗಿಂದ ಬಂದು, ಊರಿನ ಹಿಂದೆ ಬಾಗಿ, ಮುಂದೆ ಕಾಳಿಗೆ ಸೇರುತ್ತಿತ್ತು. ಮನೆ ಮಣ್ಣಿನ ಗೋಡೆಯದು. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಬಚ್ಚಲು, ಅದರಾಚೆ ದನ ಕಟ್ಟುವ ಚಪ್ಪರ. ಬಚ್ಚಲಿನ ತಾಮ್ರದ ಹಂಡೆಯನ್ನೂ ಅಡುಗೆಮನೆಯ ಐದು ಹಿತ್ತಾಳೆ ಕೊಡಗಳನ್ನೂ ಹೊಳೆಯ ನೀರೇ ತುಂಬುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ‘ನೀರು ತರ್ತೇನಿ’ ಎನ್ನುತ್ತಿರಲಿಲ್ಲ. ‘ನೀರು ಕೇಳಿ ಬರ್ತೇನಿ’ ಎನ್ನುತ್ತಿದ್ದರು. ಮಾತಿಗೆ ತಕ್ಕಂತೆ ನಡತೆಯೂ ಇತ್ತು. ದಂಡೆಯ ಮೇಲೆ ಚಪ್ಪಲಿ ಬಿಟ್ಟು, ಕೊಡವನ್ನು ಬಗ್ಗಿಸುವ ಮೊದಲು ಬಾಯಿಬಿಟ್ಟು ಕೇಳಬೇಕಿತ್ತು. ಆಯಿ ಕೇಳುವುದು ಪಕ್ಕದ ಮನೆಯವಳ ಹತ್ತಿರ ಮಜ್ಜಿಗೆ ಕೇಳುವಂತೆ ಇರುತ್ತಿತ್ತು.

“ಗಂಗವ್ವಾ, ಐದು ಕೊಡ ಬೇಕಾಕ್ಕಾವಬೇ ಇವತ್ತ. ಮಗಳ ಮನಿಯವ್ರು ಬಂದಾರ, ಆರು ಆದ್ರೂ ಬೇಜಾರ ಮಾಡ್ಕೋಬ್ಯಾಡ.”

ಹಾಗೆ ಹೇಳಿ ಒಂದು ಕ್ಷಣ ಕಾಯುತ್ತಿದ್ದಳು. ಆ ಕ್ಷಣದಲ್ಲಿ ಉತ್ತರ ಬಂತೆಂದು ಅವಳಿಗೆ ಹೇಗೆ ತಿಳಿಯುತ್ತಿತ್ತೋ, ನಾನು ಕೇಳಿದ್ದೇನೆ, ಅವಳು ಹೇಳಿಲ್ಲ. ಪಾತ್ರೆ ತಿಕ್ಕುವುದು ದಂಡೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಬೂದಿಯಿಂದ. ಸಾಬೂನು ಹಚ್ಚಿದ ಬಟ್ಟೆಯನ್ನು ಹೊಳೆಗೆ ಅದ್ದುವಂತಿಲ್ಲ, ಕೊಡದಲ್ಲಿ ನೀರು ತಂದು ಹೊಲದ ಬದುವಿನ ಮೇಲೆ ಜಾಲಿಸಬೇಕು. ನೀರಿಗೆ ಉಗುಳಿದವರು ಐದು ಕೊಡ ನೀರು ಹೊತ್ತು ಆಲದ ಮರಕ್ಕೆ ಹಾಕಬೇಕು. ನಾನು ಎರಡು ಸಲ ಹಾಕಿದ್ದೇನೆ.

ಇವೆಲ್ಲದರ ಮೇಲೆ ಒಂದು ದೊಡ್ಡ ನಿಯಮವಿತ್ತು. ಮುಂಗಾರಿನ ಮೊದಲ ಜೋರು ಮಳೆಗೆ ಕಾಡಿನ ಮಣ್ಣು ತೊಳೆದು ಬಂದು ಹೊಳೆ ಕೆಂಪಾದಾಗ, ಅದು ಅವಳ ಮುಟ್ಟು. ಹೊಳೆ ಹೊರಗಾದಳು ಎಂದರೆ ಅದೇ ಅರ್ಥ. ಮೂರು ದಿನ ಅವಳನ್ನು ಯಾರೂ ಮುಟ್ಟಬಾರದು. ಕೊಡ ಇಳಿಸಬಾರದು, ದನ ಇಳಿಸಬಾರದು, ಬಲೆ, ಗಾಳ, ಕೂಳಿ ಯಾವುದೂ ಇಳಿಯಬಾರದು. ದಂಡೆ ಹಿಡಿದು ಮೇಲಕ್ಕೂ ಕೆಳಕ್ಕೂ ನಡೆಯಬಾರದು, ಹೊರಗೆ ಕುಳಿತವಳನ್ನು ಸುತ್ತುವರಿದು ನೋಡುವುದು ಮರ್ಯಾದೆಯಲ್ಲ. ಮೂರು ದಿನಕ್ಕೆ ಆ ಕಡುಕೆಂಪು ಇಳಿದು ನೀರು ಚಹದ ಬಣ್ಣಕ್ಕೆ ಬರುತ್ತಿತ್ತು. ನಾಲ್ಕನೇ ದಿನ ಊರಿನ ಹೆಂಗಸರು ಹೋಗಿ ಹೊಳೆಗೆ ಉಡಿ ತುಂಬುತ್ತಿದ್ದರು. ಮೊರದಲ್ಲಿ ರವಿಕೆಯ ಹಸಿರು ಖಣ, ಅಕ್ಕಿ, ಅರಿಶಿನದ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲು, ಬಳೆ. ತವರಿಗೆ ಬಂದ ಮಗಳಿಗೆ ಕೊಡುವುದೆಲ್ಲ. ಅದಾದ ಮೇಲೆ ಬಲೆ, ಕೊಡ, ದನ ಎಲ್ಲಕ್ಕೂ ದಾರಿ ತೆರೆಯುತ್ತಿತ್ತು. ಯಾವ ದಿನದಿಂದ ಮೂರು ದಿನ ಎಂದು ಹೇಳುವ ಬಾಯಿ ನಮ್ಮ ಆಯಿಯದು. ಅವಳ ಅತ್ತೆಯಿಂದ ಅದು ಅವಳಿಗೆ ಬಂದಿತ್ತು.

ಮನೆಯ ಹೆಂಗಸರಿಗೂ ಅದೇ ಮೂರು ದಿನ. ದನದ ಚಪ್ಪರದ ಪಕ್ಕ ಒಂದು ಚಾಪೆ, ಒಂದು ತಾಟು, ಒಂದು ಚಂಬು. ಅವ್ವ ಪ್ರತಿ ತಿಂಗಳು ಅಲ್ಲಿ ಕೂರುತ್ತಿದ್ದಳು. ಆ ಚಾಪೆಯನ್ನು ನಾನು ಇಲ್ಲಿ ಸಮರ್ಥಿಸುತ್ತಿಲ್ಲ. ಅದು ಹೆಂಗಸರಿಗೆ ಏನು ಮಾಡಿತು ಎನ್ನುವುದು ಬೇರೆ ವರದಿ. ಆದರೆ ನಾನು ಓದಲು ಕಲಿತದ್ದು ಆ ಚಾಪೆಯ ಅಂಚಿನಲ್ಲಿ ಎಂಬುದು ನಿಜ. ಬೆಲ್ಲ, ಕಡಲೆ ಕಟ್ಟಿ ತಂದ ಪೇಪರಿನ ತುಂಡುಗಳನ್ನು ಅವ್ವ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಹೊರಗೆ ಕುಳಿತ ದಿನ, ಯಾರೂ ಕೆಲಸ ಹೇಳದ ಆ ಮೂರು ದಿನ, ಒಂದೊಂದಾಗಿ ಬಿಚ್ಚಿ ಓದುತ್ತಿದ್ದಳು. ನಾನು ಮುಟ್ಟದಷ್ಟು ದೂರ ಕೂತು ಕೇಳುತ್ತಿದ್ದೆ. ಸುದ್ದಿ ಅರ್ಧಕ್ಕೆ ಹರಿದಿರುತ್ತಿತ್ತು.

“ಮುಂದ ಏನಾತಬೇ ಅವ್ವಾ?”

“ಹರದೈತಲ್ಲ, ನಂಗೇನ ಗೊತ್ತು. ಪೇಪರಿನ್ಯಾಗ ಏನಾತು ಅನ್ನೂದು ಮೊದಲ ಇರತೈತಿ. ಯಾಕಾತು ಅನ್ನೂದು ಕೆಳಗ ಇರತೈತಿ. ಕೆಳಗಿಂದು ಯಾವಾಗ್ಲೂ ಅಂಗಡ್ಯಾಂವನ ಕಡೆನೇ ಉಳೀತೈತಿ ನೋಡು.”

ಇಂಥ ಮನೆಯಲ್ಲಿ, ಮಾಘದ ಬಿಸಿಲಿನಲ್ಲಿ, ಹೊಳೆ ಕೆಂಪಾಯಿತು. ಆಯಿ ಬಹಳ ಹೊತ್ತು ನೋಡಿದಳು. ಅವಳ ಜೀವಮಾನದಲ್ಲಿ ಹೀಗಾಗಿರಲಿಲ್ಲ. ಕಾಳಿಗೆ ಅಣೆಕಟ್ಟು ಕಟ್ಟಿದ ಗಣೇಶಗುಡಿಯ ಕಡೆಯ ಮಾತು ಬಂದಾಗಲೆಲ್ಲ ಅವಳು, “ಅಲ್ಲಿ ಕಾಳವ್ವಗ ಗೇಟ ಹಾಕ್ಯಾರ. ಆಕಿ ಯಾವಾಗ ಹೊರಗಾಕ್ಕಾಳ ಆಕಿಗೇ ತಿಳಿಯಂಗಿಲ್ಲ” ಎನ್ನುತ್ತಿದ್ದಳು. ನಮ್ಮ ಹೊಳೆಗೆ ಗೇಟು ಇರಲಿಲ್ಲ. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಹೊರಗಾದಳೆಂದರೆ ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದು ಆಯಿ ತೀರ್ಮಾನಿಸಿದಳು. ಕೆಂಪಾದರೆ ಮುಟ್ಟು, ಮುಟ್ಟಾದರೆ ಮೂರು ದಿನ. ಅವಳಿಗೆ ಗೊತ್ತಿದ್ದ ಕೆಂಪು ಅದೊಂದೇ.

ಮೂರು ದಿನ ಕಳೆಯಿತು, ನೀರು ತಿಳಿಯಾಗಲಿಲ್ಲ. ತಿಳಿಯಾಗದೆ ಉಡಿ ತುಂಬುವಂತಿಲ್ಲ, ಉಡಿ ತುಂಬದೆ ನೀರು ಕೇಳುವಂತಿಲ್ಲ. ಊರಿನಲ್ಲಿ ಉಳಿದದ್ದು ಶಾಲೆಯ ಹಿಂದಿನ ಬೋರಿಂಗು ಒಂದೇ. ಅದರ ಹಿಡಿಕೆ ಒತ್ತಿದರೆ ಮೊದಲು ತುಕ್ಕಿನ ವಾಸನೆ, ಆಮೇಲೆ ನೀರು. ಚಹ ಕಪ್ಪಾಗುತ್ತಿತ್ತು. ಬೇಳೆ ಬೇಯುತ್ತಿರಲಿಲ್ಲ. ಐದನೇ ದಿನ ಮಧ್ಯಾಹ್ನ ಅಪ್ಪ ತಾಟಿನಲ್ಲಿದ್ದ ಬೇಳೆಯನ್ನು ಒಂದೊಂದಾಗಿ ಬೆರಳಿನಿಂದ ಅಂಚಿಗೆ ಸರಿಸಿದ.

“ಇದೇನು ಸಾರೋ, ಗುಲಗಂಜಿ ಸರಾನೋ? ಅವ್ವಾ, ಸಾಕಾತು. ಒಂದು ಕೊಡ ತಂದ್ರ ಆಕಿ ಏನ ಸಿಟ್ಟ ಮಾಡಂಗಿಲ್ಲ.”

“ನಿನ್ನ ಹೇಣ್ತಿ ಅಲ್ಲೇ ಹೊರಗ ಚಾಪಿ ಮ್ಯಾಲ ಕುಂತಾಳಲ್ಲ, ಆಕಿಗೆ ಹೋಗಿ ಹೇಳು, ಎದ್ದ ಬಂದು ಬ್ಯಾಳಿ ಕುದಿಸಂತ. ಹೇಳ್ತಿ?” ಎಂದಳು ಆಯಿ.

ಅಪ್ಪ ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡ.

“ಮನಿ ಹೆಣಮಗಳಿಗೆ ಮೂರು ದಿನ ಕೆಲಸ ಹೇಳಂಗಿಲ್ಲ. ಮತ್ತ ಆಕಿ? ವರ್ಷ ಪೂರ್ತಿ ನಿನ್ನ ಗದ್ದಿಗೆ, ನಿನ್ನ ದನಕ್ಕ, ನಿನ್ನ ಕುಂಡಿಗೆ ನೀರ ಹಾಕ್ತಾಳ. ಆಕಿಗೆ ಸೂಟಿ ಬ್ಯಾಡಾ?”

ಅಲ್ಲೇ ಕೂತು ಊಟ ಮಾಡುತ್ತಿದ್ದ ಪರಸು ಕಾಕಾ, ಅಪ್ಪನ ತಮ್ಮ, ತಲೆ ಎತ್ತಲಿಲ್ಲ. ಕಾಕಾನಿಗೆ ಆಗ ಇಪ್ಪತ್ತಾರು. ಆ ಸೋಮವಾರದಿಂದಲೇ ಅವನಿಗೆ ಒಂದು ಕೆಲಸ ಸಿಕ್ಕಿತ್ತು. ರಸ್ತೆ ಅಗಲ ಮಾಡುವ ಗುತ್ತಿಗೆದಾರನೊಬ್ಬ ಊರಿನಿಂದ ಒಂದು ಮೈಲಿ ಮೇಲೆ, ಕಾಡಿನ ತಿರುವಿನಾಚೆ, ಗುಡ್ಡದಿಂದ ಗರಸು, ರಸ್ತೆಗೆ ಹಾಸುವ ಗಟ್ಟಿ ಕೆಂಪು ಮಣ್ಣು, ತೆಗೆಸುತ್ತಿದ್ದ. ಹಳಿಯಾಳದ ಮಾಲಿಕನೊಬ್ಬನ ಟ್ರ್ಯಾಕ್ಟರನ್ನು ಕಾಕಾ ಅಲ್ಲಿ ಓಡಿಸುತ್ತಿದ್ದ. ಎರಡು ವರ್ಷ ಕೆಲಸವಿಲ್ಲದೆ ಕೂತು ಮಾತು ಕೇಳಿದವನಿಗೆ ಸಿಕ್ಕ ಮೊದಲ ಗಟ್ಟಿ ಕೆಲಸ ಅದು. ಕೆಲಸಗಾರರೆಲ್ಲ ಹೊರಗಿನವರು, ನಮ್ಮೂರಿನವನು ಅವನೊಬ್ಬನೇ. ಗರಸು ತೆಗೆಯುವುದು ಊರಿಗೆಲ್ಲ ಗೊತ್ತಿತ್ತು. ಅದು ರಸ್ತೆಯ ಕಡೆ ನಡೆದಿದೆ ಎಂದು ಎಲ್ಲರೂ ತಿಳಿದಿದ್ದರು. ಹೊಳೆಯ ಕಡೆ ಹೋಗಿ ನೋಡಿದವರಿಲ್ಲ. ಹೊಳೆ ಹೊರಗಾಗಿದ್ದಳು, ದಂಡೆ ಹಿಡಿದು ನಡೆಯಬಾರದಿತ್ತು. ಹೊಳೆಯನ್ನು ಕಾಯುತ್ತಿದ್ದ ನಿಯಮವೇ ಊರಿನ ಕಣ್ಣು ಕಟ್ಟಿತ್ತು.

ನಾನು ನೋಡಿದ್ದು ಟ್ರ್ಯಾಕ್ಟರಿನ ದೊಡ್ಡ ಗಾಲಿಯನ್ನು. ಸಂಜೆ ಕಾಕಾ ಅದನ್ನು ಆಲದ ಮರದಡಿ ನಿಲ್ಲಿಸುತ್ತಿದ್ದ. ಗಾಲಿಯ ಸಂದಿಗಳಲ್ಲಿ ಹಸಿ ಕೆಂಪು ಮಣ್ಣು. ಊರಿನ ರಸ್ತೆಯಲ್ಲಿ ಹಸಿ ಎಲ್ಲೂ ಇರಲಿಲ್ಲ. ಆರನೇ ದಿನ, ಶನಿವಾರ, ನಾನು ಒಂದು ಚಿಟಿಕೆ ಕಿತ್ತು ಮೂಸಿ ನೋಡಿದೆ. ಅದರಲ್ಲಿ ಹೊಳೆಯ ಪಾಚಿಯ ಎಳೆ ಇತ್ತು.

“ಕಾಕಾ, ನೀ ಹೊಳಿ ದಾಟೀದಿ?”

ಕಾಕಾ ಸುತ್ತ ನೋಡಿದ.

“ನಾ ಎಲ್ಲಿ ಮುಟ್ಟೇನಿ? ನಾ ಮ್ಯಾಲ ಕುಂತಿರ್ತೇನಿ. ಮುಟ್ಟಿದ್ದು ಗಾಲಿ.” ನಗಿಸಲು ನೋಡಿದ. ನಾನು ನಗಲಿಲ್ಲ. ಆಗ ಅವನ ಧ್ವನಿ ಇಳಿಯಿತು. “ಸುಮಾ, ಆಯಿ ಮುಂದ ಬಾಯಿ ಬಿಡಬ್ಯಾಡಬೇ. ಈ ಕೆಲಸಾನೂ ಹೋದ್ರ ನಿಮ್ಮಪ್ಪ ನನ್ನ ತಾಟಿಗೆ ಮತ್ತ ಲೆಕ್ಕ ಹಾಕ್ತಾನ.”

ನಾನು ಬಾಯಿ ಬಿಡಲಿಲ್ಲ. ಮರುದಿನ ಭಾನುವಾರ, ಕೆಲಸಕ್ಕೆ ರಜೆ. ಮಧ್ಯಾಹ್ನದ ಹೊತ್ತಿಗೆ ಹೊಳೆಯ ಕೆಂಪು ಮಾಸಿತು, ಸಂಜೆಗೆ ನೀರಿನಡಿಯ ಕಲ್ಲು ಕಂಡಿತು. ಆಯಿ ಓಣಿಯಲ್ಲೆಲ್ಲ ಕೂಗಿ ಹೇಳಿದಳು. ಸೋಮವಾರ ಬೆಳಿಗ್ಗೆ ಉಡಿ. ಅವ್ವನ ಮೂರು ದಿನವೂ ಮುಗಿದಿತ್ತು. ಬೆಳಿಗ್ಗೆ ಬೋರಿಂಗಿನ ನೀರಿನಲ್ಲಿ ತಲೆ ತೊಳೆದುಕೊಂಡು ಒದ್ದೆ ಕೂದಲಿಗೆ ಬಟ್ಟೆ ಸುತ್ತಿ ಒಳಗೆ ಬಂದಳು. ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಹೊರಡುವಾಗ ಹತ್ತು ಗಂಟೆಯೇ ಆಯಿತು.

ದಂಡೆಯ ಮೇಲೆ ಆಯಿ ಚಪ್ಪಲಿ ಬಿಟ್ಟಳು. ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೊಣಕಾಲವರೆಗೆ ನೀರಿಗೆ ಇಳಿದಳು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅವಳ ಕಾಲುಂಗುರ ಕಾಣುತ್ತಿತ್ತು. ಅರಿಶಿನ ಹಾಕಲು ಬಗ್ಗಿದಳು. ಆಗ ಮೇಲಿನ ತಿರುವಿನಿಂದ ಕೆಂಪು ಬಂತು. ಅದು ಒಮ್ಮೆಗೇ ಬರಲಿಲ್ಲ. ಮೊದಲು ನಡುನೀರಿನಲ್ಲಿ ಒಂದು ಎಳೆ, ಆಮೇಲೆ ಎರಡು ಬದಿಗೂ ಹರಡಿದ ಪಟ್ಟಿ, ಯಾರೋ ಸೀರೆ ಬಿಚ್ಚಿ ನೀರಿಗೆ ಬಿಟ್ಟಂತೆ. ಅದು ಬಂದು ಆಯಿಯ ಕಾಲನ್ನು ಸುತ್ತಿತು. ಕಾಲುಂಗುರ ಮುಚ್ಚಿಹೋಯಿತು. ಅವಳು ಮೊರವನ್ನು ಎದೆಗೆ ಎಳೆದುಕೊಂಡಾಗ ಬಳೆಗಳು ಕಿಣಿಗುಟ್ಟಿದ್ದು ನನಗೆ ಇಂದಿಗೂ ಕೇಳಿಸುತ್ತದೆ. ನನಗೆ ನೆನಪಿರುವಂತೆ ಆಯಿ ಹೆದರಿದ್ದು ಅದೊಂದೇ ಸಲ.

“ಉಡಿ ಹಾಕೂ ಹೊತ್ತಿನ್ಯಾಗ ಮತ್ತ ಹೊರಗಾದ್ಲಲ್ಲಬೇ!” ಎಂದಳು ಹಿಂದೆ ನಿಂತಿದ್ದ ಒಬ್ಬಳು.

ಯಾರಿಗೂ ಮುಂದೇನೆಂದು ತಿಳಿಯಲಿಲ್ಲ. ಹೊರಗಾದವಳಿಗೆ ಉಡಿ ಹಾಕುವಂತಿಲ್ಲ. ಎತ್ತಿದ ಉಡಿಯನ್ನು ಮನೆಗೆ ಮರಳಿ ಒಯ್ಯುವಂತೆಯೂ ಇಲ್ಲ. ಆಯಿ ನೀರಿನಲ್ಲೇ ನಿಂತಳು. ಆಗ ಅವ್ವ ಮಾತಾಡಿದಳು. ಅತ್ತೆಯ ಮುಂದೆ ಊರಿನವರ ಎದುರು ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಅತ್ತೀ, ಇದು ಮುಟ್ಟು ಅಲ್ರಿ.”

“ಮತ್ತೇನಬೇ?”

“ನಾ ಮೂರು ದಿನಕ್ಕ ಎದ್ದ ಬಂದ್ನಿ. ಆಕಿಗೆ ಎಂಟು ದಿನಾತು. ಸುಮಾ ಹುಟ್ಟಿ ವರ್ಷಾದ ಮ್ಯಾಲ ನಂಗ ಹಿಂಗs ಹತ್ತು ದಿನ ರಕ್ತ ಹೋಗಿದ್ದಿಲ್ಲೇನ್ರಿ? ಆವಾಗ ಮುಟ್ಟು ಅಂತ ಕುಂದ್ರಿಸಿದ್ರೇನು? ನೀವs ಗಾಡಿ ಕಟ್ಟಿಸಿ ದವಾಖಾನಿಗೆ ಒಯ್ದ್ರಿ. ಇದು ಬ್ಯಾನಿ ಐತಿ. ಎಲ್ಲಿ ಹರದೈತಿ ನೋಡಬೇಕ್ರಿ.”

ಎರಡು ದಿನದಿಂದ ಮುಚ್ಚಿಟ್ಟಿದ್ದನ್ನು ನಾನು ಆಗ ಬಿಚ್ಚಿದೆ. ನಾನು ಹೇಳಿದ್ದು ಒಂದೇ ವಾಕ್ಯ.

“ಆಯಿ, ನಿನ್ನಿ ಟ್ರ್ಯಾಕ್ಟರ್ ನಡದಿದ್ದಿಲ್ಲ.”

ಆಯಿ ನನ್ನ ಮುಖ ನೋಡಿದಳು, ನೀರನ್ನು ನೋಡಿದಳು, ದಂಡೆ ಹತ್ತಿದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಮೊರವನ್ನು ಸೊಂಟಕ್ಕಿಟ್ಟುಕೊಂಡು, ನಡೆಯಬಾರದ ದಂಡೆಯ ಮೇಲೆ, ಮೇಲ್ಮುಖವಾಗಿ ನಡೆಯತೊಡಗಿದಳು.

“ಬರ್ರಿ, ಹೋಗೂಣು,” ಎಂದಳು ಅವ್ವ. ಎಲ್ಲರೂ ಹೊರಟರು.

ಒಂದು ಮೈಲಿ ದೂರವೂ ನಮ್ಮ ಬಲಕ್ಕೆ ಕೆಂಪು ಹರಿಯುತ್ತಿತ್ತು. ತಿರುವು ದಾಟಿದ ಮೇಲೆ ಹೊಳೆಯಲ್ಲಿ ಹಾಸುಬಂಡೆಯ ಜಾಗ ಬರುತ್ತದೆ, ಅಲ್ಲಿ ನೀರು ತೆಳ್ಳಗೆ ಹರಿಯುತ್ತದೆ. ಆ ಬಂಡೆಯ ಕೆಳಗಿನ ಮಣ್ಣುಪಾತಳಿಯಲ್ಲಿ ಎರಡು ಆಳವಾದ ಗಾಲಿ ದಾರಿಗಳು ಹೊಳೆಯನ್ನು ಅಡ್ಡ ಕತ್ತರಿಸಿದ್ದವು. ಆಚೆ ದಡದಲ್ಲಿ ಗುಡ್ಡದ ಬದಿ ಸುಲಿದಂತೆ ತೆರೆದುಕೊಂಡಿತ್ತು. ಮೇಲಿನ ಬೇಡದ ಮಣ್ಣನ್ನು ಟ್ರೇಲರಿನಲ್ಲಿ ತಂದು ದಂಡೆಯ ಇಳಿಜಾರಿಗೆ ಸುರಿಯುತ್ತಿದ್ದರು. ಅರ್ಧ ಮಣ್ಣು ಅಲ್ಲಿಂದ ನೀರಿಗೆ ಜಾರುತ್ತಿತ್ತು. ಇಷ್ಟೇ. ಅವ್ವ ಹೇಳಿದ, ಅಂಗಡಿಯವನ ಕಡೆ ಉಳಿಯುವ ಕೆಳಗಿನ ತುಂಡು ಇಲ್ಲಿತ್ತು.

ಗಾಲಿ ದಾರಿಯಿಂದ ಹತ್ತು ಮಾರು ಮೇಲೆ ನೀರು ಗಾಜಿನಂತಿತ್ತು. ನಾವು ಬಂಡೆಯ ಮೇಲೆ ನಿಂತು ಕೆಳಗೆ ನೋಡಿದೆವು. ಬಂಡೆಯ ಮಗ್ಗುಲಿನ ಮಡುವಿನಲ್ಲಿ ಮೀನುಗಳು ನಿಂತಿದ್ದವು. ಈಜುತ್ತಿರಲಿಲ್ಲ, ನಿಂತಿದ್ದವು. ಎಲ್ಲದರ ಮೂತಿ ಕೆಳಮುಖ, ಕೆಂಪಿನ ಕಡೆ. ನನ್ನ ತೋಳಿನುದ್ದದವು, ಬೆರಳುದ್ದದವು, ಸಾಲು ಸಾಲು, ಒಂದರ ಮೇಲೊಂದು ಪದರ, ತಳದ ಕತ್ತಲೆಯವರೆಗೆ. ಕೆಳಗಿನಿಂದ ಓಡಿಬಂದು ಉಳಿದ ಸಂಸಾರವೆಲ್ಲ ಅಲ್ಲಿತ್ತು. ನಾನು ಎಣಿಸಲು ಶುರುಮಾಡಿ ಬಿಟ್ಟುಬಿಟ್ಟೆ. ಮುಂದೆ ಪತ್ರಿಕೆಯ ವರದಿಗಾರ್ತಿಯಾಗಿ ನಾನು ಅನೇಕ ಜನರ ಗುಂಪುಗಳನ್ನು ಅಂದಾಜು ಮಾಡಿ ಬರೆದಿದ್ದೇನೆ. ಆ ಮಡುವಿನ ಮುಂದೆ ನಿಂತಾಗಿನಷ್ಟು ಸಣ್ಣವಳು ನಾನೆಂದು ನನಗೆ ಮತ್ತೆಂದೂ ಅನಿಸಿಲ್ಲ.

ಆಯಿ ಬಂಡೆಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತಳು. ತಿಳಿನೀರಿಗೆ ಬೆರಳು ತಾಗಿಸಿ ಹಣೆಗೆ ಒತ್ತಿಕೊಂಡಳು.

“ಇಲ್ಲಿ ಆಕಿ ಹೊರಗಾಗೇ ಇಲ್ಲ,” ಎಂದಳು. ಕೆಳಗಿನ ಕೆಂಪಿನ ಕಡೆ ತಿರುಗಿ, “ನಾನs ಕುಂದ್ರಿಸಿದ್ನಿ. ಎಂಟು ದಿನ. ಆಕಿ ಒದರಾಕ ಹತ್ತಿದ್ಲು, ನಾ ಮುಟ್ಟಬ್ಯಾಡ್ರಿ, ನೋಡಬ್ಯಾಡ್ರಿ ಅಂದ್ನಿ.”

ಆಗ ಆಚೆ ದಡದಿಂದ ತುಂಬಿದ ಟ್ರೇಲರು ಇಳಿದು ಬರುವ ಸದ್ದಾಯಿತು. ಆಯಿ ಎದ್ದಳು. ಬಂಡೆಯಿಂದ ಇಳಿದು, ಹೊಳೆ ದಾಟುವ ಜಾಗಕ್ಕೆ ಹೋಗಿ, ನಮ್ಮ ದಡದ ಕಡೆ ನೀರಿನ ಅಂಚಿನಲ್ಲಿ, ಒಂದು ಗಾಲಿ ದಾರಿಯ ನಟ್ಟನಡುವೆ ಮೊರವನ್ನು ಇಟ್ಟಳು. ಖಣದ ಮಡಿಕೆ ಸರಿಮಾಡಿದಳು, ಅರಿಶಿನ ಕುಂಕುಮ ಹಾಕಿದಳು. ಉಡಿ ತುಂಬಿದಳು. ಬದಿಗೆ ಸರಿದು ನಿಂತಳು.

ಕಾಕಾ ಅರ್ಧ ನೀರಿಗೆ ಬಂದವನು ಅದನ್ನು ಕಂಡ. ಆಮೇಲೆ ತಾಯಿಯನ್ನು ಕಂಡ. ಟ್ರ್ಯಾಕ್ಟರ್ ನಿಂತಿತು. ಮೇಲೆ ಮಣ್ಣು ತೋಡುವ ಮಶೀನಿನ ಮೇಲಿದ್ದವನು ಬಾಬಾಜಾನ್ ಮಾಮಾ, ಹಳಿಯಾಳದ ಮೆಕ್ಯಾನಿಕ್, ನಮ್ಮ ಗದ್ದೆಯ ಪಂಪು ರಿಪೇರಿಗೆ ಬರುತ್ತಿದ್ದವನು. ಅವನೂ ನೋಡಿ ಮಶೀನು ಬಂದ್ ಮಾಡಿದ. ಕೆಲಸದ ಮೇಲ್ವಿಚಾರಣೆಗಿದ್ದ ಗುತ್ತಿಗೆದಾರನ ಮುಕಾದಮ ಓಡುತ್ತ ಬಂದ.

“ಏ ಮುದುಕಿ, ತಗೀ ಅದನ್ನ! ನಮ್ಮ ಹತ್ರ ಕಾಗದ ಐತಿ.”

“ಕಾಗದ ಮಣ್ಣಿಂದ ಐತೋ, ನೀರಿಂದ ಐತೋ? ಓದಿ ಹೇಳಪಾ. ನನಗ ಓದಾಕ ಬರಂಗಿಲ್ಲ, ನನ್ನ ಸೊಸಿಗೆ ಬರತೈತಿ.”

ಮುಕಾದಮ ಕಾಕಾನ ಕಡೆ ತಿರುಗಿದ. “ಹೊಡಿಯೋ ಗಾಡಿ!”

ಕಾಕಾ ಸ್ಟಿಯರಿಂಗಿನ ಮೇಲಿಂದ ಎರಡೂ ಕೈ ತೆಗೆದ.

“ಬಾಬಾಜಾನ, ನೀನರ ಇಳದ ಬಂದು ಹೊಡಿಯೋ. ನಿನಗೇನ ಇದರದು?” ಎಂದ ಮುಕಾದಮ.

ಬಾಬಾಜಾನ್ ಮಾಮಾ ಇಳಿದು ಬಂದ. ಮೊರದ ಮುಂದೆ ನಿಂತು ಚಪ್ಪಲಿ ಬಿಟ್ಟ. “ಸಾಹೇಬ್ರ, ಬ್ರೇಕ್ ಗೊತ್ತು, ಕ್ಲಚ್ ಗೊತ್ತು. ಉಡಿ ಮ್ಯಾಲ ಗಾಲಿ ಹಾಯ್ಸೂದು ನನಗ ಯಾರೂ ಕಲಿಸಿಲ್ರಿ. ನಮ್ಮ ದರ್ಗಾದ ಬಾವ್ಯಾಗಿನ ಮೀನs ಯಾರೂ ಹಿಡಿಯಂಗಿಲ್ಲ, ಇನ್ನ ಇದು ಆಯಿ ಇಟ್ಟ ಉಡಿ.” ಆಮೇಲೆ ಆಯಿಯ ಕಡೆ ತಿರುಗಿ, “ಆಯಿ, ಎಂಟು ದಿನ ನನ್ನ ಮಶೀನು ಹೊಳಿ ನೀರ ಮುಟ್ಟೈತಿ. ಅದಕ್ಕೂ ಜಳಕ ಮಾಡಿಸ್ಬೇಕೇನ?”

“ಮಾಡಿಸಪಾ. ಹೊಳ್ಯಾಗ ಬ್ಯಾಡ. ಬೋರಿಂಗಿನ ನೀರಾಗ ಮಾಡಿಸು, ಆ ನೀರಿಗೆ ಅದs ಲಾಯಕ್.”

ಹೆಂಗಸರು ನಕ್ಕರು. ಮುಕಾದಮ ನಗಲಿಲ್ಲ. ಅವನು ಮೊರವನ್ನು ತಾನೇ ತೆಗೆಯಬಹುದಿತ್ತು. ಎರಡು ಹೆಜ್ಜೆ ಮುಂದೆ ಬಂದ, ಬಗ್ಗಿದ, ಕೈ ಹಿಂದಕ್ಕೆ ತೆಗೆದುಕೊಂಡ. ಅವನ ಮನೆಯಲ್ಲೂ ಯಾರಾದರೂ ಉಡಿ ತುಂಬುವವರು ಇದ್ದಿರಬೇಕು.

ಮರುದಿನ ಕಾಕಾನ ಕೆಲಸ ಹೋಯಿತು. ಹಳಿಯಾಳದಿಂದ ಬೇರೆ ಡ್ರೈವರ್ ಬಂದ. ಅವನು ಹೊಳೆಯವರೆಗೆ ಬಂದು, ದಾರಿಯ ನಡುವೆ ಉಡಿ ಕಂಡು, ಟ್ರ್ಯಾಕ್ಟರನ್ನು ಹಿಂದಕ್ಕೆ ತಿರುಗಿಸಿದ. ಮೂರನೇ ದಿನದಿಂದ ಗರಸಿನ ಗಾಡಿಗಳು ಗುಡ್ಡದ ಆಚೆಯ ಸುತ್ತುದಾರಿ ಹಿಡಿದವು. ಬೇಡದ ಮಣ್ಣು ಹಳೆಯ ತಗ್ಗಿಗೆ ಹೋಯಿತು. ಹೆಂಗಸರು ಇಳಿಜಾರಿನ ಬುಡಕ್ಕೆ ಕಲ್ಲು ಜೋಡಿಸಿ, ಭತ್ತದ ಹುಲ್ಲು ಒತ್ತಿ ಕಟ್ಟೆ ಮಾಡಿದರು. ಆ ವಾರದ ಶುಕ್ರವಾರ ಆಯಿ ನಾಲ್ಕು ದಿನದ ತಿಳಿನೀರು ನೋಡಿ, ಮೊದಲ ಕೊಡ ತಾನೇ ಕೇಳಿ ತಂದಳು. ಆ ದಿನ ಬೇಳೆ ಬೆಂದಿತು.

ಮನೆ ಮಾತ್ರ ತಿಳಿಯಾಗಲಿಲ್ಲ. ಕಾಕಾ ಆಯಿಯ ಜೊತೆ ಮಾತು ಬಿಟ್ಟ. ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದ. ಅಪ್ಪ ಅವನನ್ನು ಹಂಗಿಸಿದಾಗ ಆಯಿ ಅಡ್ಡ ಬರುತ್ತಿದ್ದಳು, ಆಗಲೂ ಅವನು ಅವಳ ಕಡೆ ನೋಡುತ್ತಿರಲಿಲ್ಲ. ನನ್ನನ್ನಂತೂ ಅವನು ‘ಪೇಪರ್’ ಎಂದು ಕರೆಯತೊಡಗಿದ. “ಪೇಪರ್ ಬಂತು, ಬಾಯಿ ಮುಚ್ಚರಿ” ಎನ್ನುತ್ತಿದ್ದ. ಆ ವಾಕ್ಯಕ್ಕೆ ಅವನ ಕೆಲಸ ಬೆಲೆಯಾಯಿತೆಂದು ನನಗೆ ಗೊತ್ತಿತ್ತು. ವರದಿಯಾದ ಮಾತು ಯಾರದೋ ತಾಟಿನವರೆಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು ನಾನು ಕಲಿತದ್ದು ಸುದ್ದಿಮನೆಯಲ್ಲಲ್ಲ. ಮತ್ತೆ ಅದೇ ಸ್ಥಿತಿ ಬಂದರೆ ಆ ವಾಕ್ಯ ಹೇಳುತ್ತೇನೆಯೇ ಎಂದು ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಹೇಳುತ್ತೇನೆ, ಆದರೆ ಮೊದಲು ಕಾಕಾನಿಗೆ ತಿಳಿಸಿ.

ಉಡಿ ಅಲ್ಲೇ ಉಳಿಯಿತು. ಹಕ್ಕಿಗಳು ಅಕ್ಕಿ ತಿಂದವು, ಇರುವೆಗಳು ಕೊಬ್ಬರಿಯನ್ನು ಹೊತ್ತವು, ಖಣದ ಹಸಿರು ಬಿಸಿಲಿಗೆ ಬೂದಿಯಾಯಿತು. ಮೊರ ಮತ್ತು ಬಳೆಗಳು ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ಗಾಲಿ ದಾರಿಯಲ್ಲಿ ಕೂತಿದ್ದವು. ಅದನ್ನು ಕಾಯಲು ಯಾರನ್ನೂ ನಿಲ್ಲಿಸಿರಲಿಲ್ಲ. ಬೇಲಿ ಇರಲಿಲ್ಲ, ಫಲಕ ಇರಲಿಲ್ಲ. ಒಂದು ಗಾಡಿಯೂ ದಾಟಲಿಲ್ಲ.

ಜೂನ್‌ನಲ್ಲಿ ಮಳೆ ಬಂತು. ಎರಡು ದಿನ ಬಿಡದೆ ಸುರಿದ ಮೇಲೆ ಬೆಳಿಗ್ಗೆ ಹೊಳೆ ಕಡುಕೆಂಪಾಗಿ ಇಳಿಯಿತು, ಮೊರವನ್ನು ಅವಳೇ ಒಯ್ದಳು. ಆಯಿ ಮೂರು ದಿನ ಸಾರಿದಳು. ಈ ಸಲ ಅದರ ಜೊತೆ ಹೊಸದೊಂದು ಮಾತು ಸೇರಿಸಿದಳು.

“ಮೂರು ದಿನ ಮುಟ್ಟಬ್ಯಾಡ್ರಿ. ಆದ್ರ ಮ್ಯಾಲ ಹೋಗಿ ದೂರಿಂದ ನೋಡ್ಕೊಂಡ ಬರ್ರಿ. ನೋಡಬ್ಯಾಡ್ರಿ ಅಂದಿದ್ದು ನನ್ನ ತಪ್ಪು.”

ಮೊದಲ ಸಲ ಕೆಂಪು ನೀರಿನ ದಿನ ನಾವು ದಂಡೆಯ ಮೇಲೆ ನಡೆದೆವು. ಹಾಸುಬಂಡೆಯ ಹತ್ತಿರ, ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಎಲ್ಲರೂ ನಿಂತುಬಿಟ್ಟರು. ಮೀನುಗಳು ಹತ್ತುತ್ತಿದ್ದವು. ಕೆಳಗಿನಿಂದ, ಕಾಳಿಯ ಕಡೆಯಿಂದ, ಪ್ರವಾಹಕ್ಕೆ ಎದುರಾಗಿ, ಮೊಟ್ಟೆ ತುಂಬಿದ ಹೊಟ್ಟೆಗಳನ್ನು ಎಳೆದುಕೊಂಡು ಬರುತ್ತಿದ್ದವು. ಬಂಡೆಯ ಮೇಲೆ ನೀರು ತೆಳುವಾದಲ್ಲಿ ಅವುಗಳ ಬೆನ್ನು ಹೊರಗೆ ಕಂಡು ಮಳೆಯಲ್ಲಿ ಹೊಳೆಯುತ್ತಿತ್ತು. ಜಾರುತ್ತಿದ್ದವು, ಬಾಲ ಬಡಿಯುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ಕೈ ಚಾಚಿದರೆ ಬುಟ್ಟಿ ತುಂಬುವಷ್ಟು. ಬೇರೆ ಊರುಗಳಲ್ಲಿ ಅದೇ ಹೊತ್ತಿಗೆ ಬುಟ್ಟಿ ಒಡ್ಡುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಇಲ್ಲಿ ಇಡೀ ಊರು, ಮೀನು ಸಾರಿಗೆ ಪ್ರಾಣ ಬಿಡುವ ಊರು, ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡು ನಿಂತಿತ್ತು. ತಲೆತಲಾಂತರದಿಂದ ಈ ಮೂರು ದಿನ ಹೊಳೆ ಏನು ಮಾಡುತ್ತಿತ್ತೆಂದು ನಾವು ನೋಡಿದ್ದು ಅಂದೇ.

ಬಂಡೆಗಿಂತ ಕೆಳಗೆ, ಎರಡು ಸಾಲು ಮೀನುಗಳು ನೇರವಾಗಿ ಬರುತ್ತಿದ್ದವು. ಅಲ್ಲಿ ಮಾತ್ರ ಅವಕ್ಕೆ ಆಳ ಸಿಕ್ಕಿತ್ತು. ಕಾಕಾ ಬಹಳ ಹೊತ್ತು ನೋಡಿದ. ನಾಲ್ಕು ತಿಂಗಳಲ್ಲಿ ಆಯಿಗೆ ಅವನು ಹೇಳಿದ ಮೊದಲ ಮಾತು ಇದು.

“ಅವ್ವಾ, ನನ್ನ ಗಾಲಿ ದಾರ್ಯಾಗ ಹೊಂಟಾವ ನೋಡಬೇ.”

ಆಯಿ ಅವನ ತಲೆಯ ಮೇಲೆ ತನ್ನ ಕಂಬಳಿಯ ಅರ್ಧ ಎಳೆದಳು.

ಆಯಿ ಹೋಗಿ ಈಗ ಬಹಳ ವರ್ಷವಾಯಿತು. ಅವಳ ನಂತರ ದಿನ ಸಾರುವ ಬಾಯಿ ಅವ್ವನದಾಯಿತು. ಮೂರು ದಿನ ಬಿಡುವುದು, ನಾಲ್ಕನೇ ದಿನವೂ ಕಡುಕೆಂಪಿದ್ದರೆ ಕಾರಣ ಕಾಣುವವರೆಗೆ ಮೇಲಕ್ಕೆ ನಡೆಯುವುದು ಎಂಬ ನಿಯಮ ಊರಿನಲ್ಲಿ ಉಳಿಯಿತು. ಊರಿನ ಮನೆಗಳಿಗೆ ಈಗ ನಲ್ಲಿ ಬಂದಿದೆ.

ಕಳೆದ ಮುಂಗಾರಿನಲ್ಲಿ ಮೊದಲ ಕೆಂಪು ನೀರು ಒಂದು ಬುಧವಾರ ಬಂತು. ಶನಿವಾರ ಬೆಳಿಗ್ಗೆ ಕೆಂಪು ಇಳಿದಿರಲಿಲ್ಲ. ಹತ್ತು ಗಂಟೆಗೆ ಅವ್ವ ಫೋನ್ ಮಾಡಿ, ಹೆಂಗಸರು ಮೇಲಕ್ಕೆ ಹೊರಟಿದ್ದಾರೆ, ಮೊರ ಹಿಡಿದುಕೊಂಡು ಮುಂದೆ ಪರಸು ಕಾಕಾ ನಡೆದಿದ್ದಾನೆ ಎಂದು ಹೇಳಿದಳು.